ಸಂಚಾರದಲ್ಲಿ ಸಂಯಮ

ಅಹಿಂಸೆಯ ಮಾತು ಬಂದಾಗ ಶ್ರಾವಕರ ಮನೆಗಳಲ್ಲಿ ಆಹಾರದ ವಿಚಾರವೇ ಮೊದಲು ಬರುತ್ತದೆ. ನೀರು ಸೋಸುವುದು, ಕಂದಮೂಲಗಳನ್ನು ಬಿಡುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ಇವೆಲ್ಲ ಬಾಲ್ಯದಿಂದಲೇ ರೂಢಿಯಾಗುತ್ತವೆ. ಸಂಚಾರದ ನಿಯಮ ಮಾತ್ರ ಮುನಿಗಳಿಗೆ ಸೇರಿದ್ದೆಂದು ಉಳಿದುಬಿಡುತ್ತದೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಗೃಹಸ್ಥನಿಗೂ ಈ ಎಚ್ಚರವನ್ನು ವಿಧಿಸಿದ್ದಾರೆ. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ತಿರುಗುವುದೂ ಅದರೊಳಗೆ ಸೇರುತ್ತದೆ.

ಸುಬ್ರಹ್ಮಣ್ಯದ ಶ್ರಾವಕ ತರುಣನೊಬ್ಬನಿಗೆ ಈ ವಿಚಾರ ಸೈಕಲ್ಲಿನ ಮೂಲಕ ಎದುರಾಯಿತು. ಅವನಿಗೆ ದೂರಯಾನದ ಹಂಬಲ. ಫ್ರಾನ್ಸಿನ ಔಡಾಕ್ಸ್ ಕ್ಲಬ್ ಪ್ಯಾರಿಸಿಯೆನ್ ರೂಪಿಸಿದ ನಿಯಮಗಳಂತೆ ಕರ್ನಾಟಕದಲ್ಲಿಯೂ ಬ್ರೆವೆ ಯಾನಗಳು ನಡೆಯುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ ಕಾಲಮಿತಿ. ಅಲ್ಲಿ ಸ್ಪರ್ಧೆಯಿಲ್ಲ, ಮೊದಲು ತಲುಪಿದವನಿಗೂ ಕೊನೆಗೆ ತಲುಪಿದವನಿಗೂ ಒಂದೇ ಮನ್ನಣೆ.

ಉದ್ಯೋಗಕ್ಕೆಂದು ಅವನು ಸುಮಾರು 12 ಕಿಲೋಮೀಟರ್ ದೂರದ ನೆಟ್ಟಣಕ್ಕೆ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಸಂಜೆ ಮರಳಿದ ಮೇಲೆ ಅಭ್ಯಾಸಕ್ಕಾಗಿ ಸೈಕಲ್ ಹತ್ತುತ್ತಿದ್ದ. ಹೊತ್ತು ಮುಳುಗುವುದರೊಳಗೆ ಊಟಕ್ಕೆ ಬಾರದೆ ಅನೇಕ ದಿನ ಉಪವಾಸ ಮಲಗಿದ್ದುಂಟು. ಒಮ್ಮೆ ಬಸದಿಯಲ್ಲಿ ಹಿರಿಯರೊಬ್ಬರು, “ಯಾವ ಕಾರ್ಯಕ್ಕೆ ಇಷ್ಟು ತಿರುಗಾಟ, ಮಗಾ?” ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ.

ಉತ್ತರ ಅವನ ದಿನಚರಿಯಲ್ಲಿಯೇ ಇತ್ತು. ಬೈಕನ್ನು ಬಿಟ್ಟು ಕಚೇರಿಗೇ ಸೈಕಲ್ಲಿನಲ್ಲಿ ಹೊರಟ. ದಿನಕ್ಕೆ 24, ವಾರದ ಆರು ದಿನಗಳಿಗೆ 144 ಕಿಲೋಮೀಟರ್. ನಾಲ್ಕು ದಿನ ಉಸಿರು ಮೇಲೇರದ ಹದದಲ್ಲಿ ಸಾಗುವುದು, ಎರಡು ದಿನ ಮಾತ್ರ ಏರುಗಳಲ್ಲಿ ಬಲಹಾಕಿ ತುಳಿಯುವುದು ಎಂಬ ಕ್ರಮವಿಟ್ಟುಕೊಂಡ. ನಿತ್ಯವೂ ದೇಹವನ್ನು ದಂಡಿಸಿದರೆ ಅದು ಬಲಗೊಳ್ಳದು, ಬಳಲುವುದು. ಕೆಲವು ಭಾನುವಾರ ಸುಮಾರು 55 ಕಿಲೋಮೀಟರ್ ಆಚೆಯ ಧರ್ಮಸ್ಥಳಕ್ಕೆ ಹೋಗಿ, 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯ ದರ್ಶನ ಪಡೆದು ಮರಳುವುದು ರೂಢಿಯಾಯಿತು. ಉಳಿದ ಭಾನುವಾರ ವಿಶ್ರಾಂತಿ, ಸ್ವಾಧ್ಯಾಯ. ಸಂಜೆ ಐದಕ್ಕೆ ಹೊರಟರೆ ಹೊತ್ತಿಗೆ ಮುಂಚೆ ಮನೆ, ತಾಯಿಯೊಡನೆ ಊಟ.

ಮಳೆಗಾಲ ಬೇರೊಂದು ಪರೀಕ್ಷೆಯನ್ನೊಡ್ಡಿತು. ಕುಮಾರಧಾರೆ ತುಂಬಿ ಹರಿಯುವ ತಿಂಗಳುಗಳಲ್ಲಿ ಕಾಡಂಚಿನ ರಸ್ತೆಗೆ ಕಪ್ಪೆ, ಎರೆಹುಳು, ಬಸವನಹುಳು, ಏಡಿಗಳು ಬರುತ್ತವೆ. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವುದು ಇಂತಹ ಜೀವಗಳ ರಕ್ಷಣೆಗಾಗಿಯೇ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯಬೇಕೆಂಬ ಈರ್ಯಾಸಮಿತಿ ಸೈಕಲ್ಲಿನ ವೇಗಕ್ಕೆ ಸಾಲದು. ಆದ್ದರಿಂದ ಅವನು ಆ ನಾಲ್ಕು ತಿಂಗಳು ದೂರಯಾನವನ್ನು ಬಿಟ್ಟ. ಕಚೇರಿಯ ದಾರಿಯಲ್ಲಿ ವೇಗವನ್ನು ತಗ್ಗಿಸಿದ. ಬಸ್ಸಿನ ಚಕ್ರವೂ ಜೀವಿಗಳನ್ನು ಬಿಡದು. ಆದರೆ ಕಣ್ಣು ಕಾಣುವ ದೂರದಲ್ಲಿ ನಿಲ್ಲಿಸಬಲ್ಲ ಸ್ವಾತಂತ್ರ್ಯ ಸೈಕಲ್ ಸವಾರನಿಗುಂಟು. ಸ್ವಾತಂತ್ರ್ಯವಿದ್ದಲ್ಲಿ ಹೊಣೆಯೂ ಉಂಟು.

ಚಳಿಗಾಲದಲ್ಲಿ 200 ಕಿಲೋಮೀಟರಿನ ಯಾನ ಕೈಗೂಡಿತು. ಮುಂಜಾನೆ ಆರಕ್ಕೆ ಹೊರಟು ಗಂಟೆಗೆ ಸರಾಸರಿ 17 ಕಿಲೋಮೀಟರಿನಂತೆ ಸಾಗಿದರೆ ಹಗಲಿನಲ್ಲೇ ಮುಗಿಯುತ್ತದೆ. ಸಂಗಡಿಗರು 300ಕ್ಕೆ ಕರೆದರು. ಅದು ಸೂರ್ಯಾಸ್ತದ ಬಳಿಕವೂ ಗಂಟೆಗಟ್ಟಲೆ ಸಾಗುವ ದಾರಿ. ಆಹಾರವಿಲ್ಲದೆ ದೇಹ ಸಾಗದು. 1891ರಲ್ಲಿ ಆರಂಭವಾದ, ಸುಮಾರು 1200 ಕಿಲೋಮೀಟರಿನ ಪ್ಯಾರಿಸ್‌–ಬ್ರೆಸ್ಟ್‌–ಪ್ಯಾರಿಸ್ ಯಾನಕ್ಕೆ ಅರ್ಹತೆ ಬೇಕಾದರೆ 200, 300, 400, 600 ಎಲ್ಲವನ್ನೂ ಪೂರೈಸಬೇಕು. 300ನ್ನು ಬಿಡುವುದೆಂದರೆ ಆ ಕನಸನ್ನೇ ಬಿಡುವುದು. ಕೆಲವು ದಿನ ಅವನು ತೊಳಲಾಡಿದ. ಕೊನೆಗೆ ರಾತ್ರಿಭೋಜನ ತ್ಯಾಗವನ್ನೇ ಉಳಿಸಿಕೊಂಡ. ಮನಸ್ಸಿನಲ್ಲಿ ನೋವು ಉಳಿಯಲಿಲ್ಲವೆಂದಲ್ಲ. ನೋವಿಲ್ಲದೆ ಬಿಟ್ಟದ್ದು ತ್ಯಾಗವೆನಿಸುವುದೂ ಇಲ್ಲ.

ಹಂಬಲವನ್ನು ಕೊಲ್ಲುವುದು ಸಂಯಮವಲ್ಲ, ಅದಕ್ಕೆ ಎಲ್ಲೆ ಕಟ್ಟುವುದು ಸಂಯಮ. ನದಿ, ಅರಣ್ಯ, ಪರ್ವತಗಳನ್ನು ಗಡಿಯಾಗಿಟ್ಟುಕೊಳ್ಳುವ ದಿಗ್ವ್ರತದ ತಿರುಳೂ ಇದೇ. ಇಂತಹ ತರುಣರಿಗೆ ಸಮಾಜವೂ ನೆರವಾಗಬಹುದು. ಬಸದಿಗಳ ಆಡಳಿತ ಮಂಡಳಿಗಳು ಸೈಕಲ್ ನಿಲ್ಲಿಸಲು ನೆರಳು, ಸೋಸಿದ ನೀರು, ಹೊತ್ತಿಗೆ ಮುಂಚೆ ಒಂದು ತುತ್ತು ಅನ್ನ ಒದಗಿಸಿದರೆ, ತಿರುಗಾಟ ತಾನಾಗಿ ತೀರ್ಥಯಾತ್ರೆಯಾದೀತು.