ಕಡೀ ರಾತ್ರಿ ಊಟ ಎಲ್ಲಿ?

ಬಿಡದಿ ಹತ್ತಿರದ ವಂಡರ್‌ಲಾ ಗೇಟಿನ ಹೊರಗೆ ಸಂಜೆ ಆರು ಗಂಟೆಗೆ ನಾವು ಆರು ಮಂದಿ ನಿಂತಿದ್ದೆವು. ಅಪ್ಪ, ಅವ್ವ, ಆಯಿ, ಅಕ್ಕ, ಆಮೇಲೆ ನಾವಿಬ್ಬರು ತಂಗಿ-ತಮ್ಮ. ತಲೆಗೂದಲು ಇನ್ನೂ ಒದ್ದೆ. ಒಂದು ಚೀಲದ ತುಂಬ ಹಸಿ ಬಟ್ಟೆ. ಅಪ್ಪನ ಕಿಸೆಯಲ್ಲಿ ಉಳಿದದ್ದು 1,400 ರೂಪಾಯಿ. ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತರ ಸುಮಾರಿಗೆ. ಅಷ್ಟರೊಳಗೆ ಎಲ್ಲಾದರೂ ಉಣ್ಣಬೇಕು.

ಎಲ್ಲಿ ಉಣ್ಣೋದು ಅನ್ನೋದು ದೊಡ್ಡ ಮಾತಲ್ಲ ಅಂತ ನಿಮಗೆ ಅನಿಸಬಹುದು. ನಮಗೂ ಹಂಗೇ ಅನಿಸಿತ್ತು. ಆದರೆ ಆ ಗೇಟಿನ ಮುಂದೆ ನಾವು ಇಪ್ಪತ್ತು ನಿಮಿಷ ಜಗಳ ಆಡಿದೆವು. ಇಡೀ ಮೂರು ದಿನದ ಪ್ರವಾಸದಲ್ಲಿ ಅದೊಂದೇ ಜಗಳ.

ಮೊದಲು ಪ್ರವಾಸದ ಕತೆ ಹೇಳಿಬಿಡುತ್ತೇವೆ.

ನಮ್ಮದು ಗಿಣಿಗೇರಾ. ಅಪ್ಪ ಫ್ಯಾಕ್ಟರಿ ಒಂದರಲ್ಲಿ ಗುತ್ತಿಗೆ ಕೆಲಸಗಾರ. ಅಕ್ಕನ ಲಗ್ನ ನಿಶ್ಚಯ ಆಗಿತ್ತು, ಹುಡುಗನ ಕೆಲಸ ಸೋಲಾಪುರದ ಕಡೆ. ಒಂದು ದಿನ ರಾತ್ರಿ ಅಪ್ಪ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಹೇಳಿದ: "ಲಗ್ನಕ್ಕಿಂತ ಮೊದ್ಲ ಎಲ್ಲಾರೂ ಕೂಡಿ ಒಮ್ಮೆ ಎಲ್ಲಿಗರ ಹೋಗಿ ಬರೂಣು. ಆಮ್ಯಾಲ ಈಕಿ ಬಂದ್ರ ಮನಿಗೆ ಬಂದ ಬೀಗರಂಗ ಬರತಾಳ."

ಯಾರೂ ಮಾತಾಡಲಿಲ್ಲ. ಅವ್ವ ಒಲೆ ಕಡೆ ಮುಖ ತಿರುಗಿಸಿದಳು.

ಎಲ್ಲಿಗೆ ಅಂತ ಮಾತು ಬಂದಾಗ ಹತ್ತಿರದ್ದು ನೋಡಿದೆವು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿಸಿದ್ದು, ಹಳ್ಳಿ ಬದುಕಿನ ಮೂರ್ತಿಗಳೇ ತುಂಬಿವೆ. ರಾಶಿ ಮಾಡೋರು, ಎತ್ತು, ಎಮ್ಮೆ, ಮನೆ ಅಂಗಳ. ಫೋನಿನಲ್ಲಿ ಫೋಟೋ ತೋರಿಸಿದೆವು. ಆಯಿ ಕಣ್ಣು ಸಣ್ಣ ಮಾಡಿ ನೋಡಿ, "ಇದು ನಮ್ಮ ಊರಾ ಐತಲ್ಲ. ಇದನ್ನ ನೋಡಾಕ ರೊಕ್ಕ ಕೊಟ್ಟು ಹೋಗಬೇಕೇನು?" ಅಂದಳು. ಅಲ್ಲಿಗೆ ಅದು ಮುಗೀತು.

ಅಕ್ಕನಿಗೆ ಮೊದಲಿನಿಂದ ವಂಡರ್‌ಲಾ ಆಸೆ. 2005ರಲ್ಲಿ ಶುರುವಾದ ಪಾರ್ಕು ಅದು. ಅಕ್ಕ ಹೈಸ್ಕೂಲಿಗೆ ಹೋಗುವಾಗ ಆಕೆಯ ಗೆಳತಿ ಒಬ್ಬಳು ಹೋಗಿ ಬಂದು ವರ್ಷಗಟ್ಟಲೆ ಅದೇ ಹೇಳುತ್ತಿದ್ದಳಂತೆ. ಹಿಂಗಾಗಿ ಕೊಪ್ಪಳದಿಂದ ರೈಲು, ಮೈಸೂರಿನಲ್ಲಿ ಎರಡು ದಿನ, ಮೂರನೇ ದಿನ ಬಿಡದಿ, ಅಲ್ಲಿಂದ ಬೆಂಗಳೂರು, ರಾತ್ರಿ ರೈಲಿಗೆ ವಾಪಸ್ ಅಂತ ಠರಾಯಿಸಿದೆವು. ಟಿಕೆಟ್ಟಿಗೆ ಅಪ್ಪನ ಹತ್ತು-ಹದಿನೈದು ದಿನದ ಪಗಾರ ಹೋಯಿತು. ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ದೊಡ್ಡ ಜೋಕಾಲಿ ಒಂದನ್ನೂ ಏರಲೂ ಇಲ್ಲ. ಕೆಳಗೆ ನಿಂತು ನಮ್ಮ ಚಪ್ಪಲಿ ಕಾದ. ಆಯಿ ಮಾತ್ರ ಅಲೆ ಬರುವ ಕೊಳದ ದಂಡೆಗೆ ಕೂತು, ಸೀರೆ ಮೊಣಕಾಲಿನ ತನಕ ಎತ್ತಿ, ಎರಡು ತಾಸು ಕಾಲು ಇಳಿಬಿಟ್ಟಿದ್ದಳು. "ಮಳೆಗಾಲದಾಗ ಹಳ್ಳ ಬಂದಂಗ ಬರತೈತಿ" ಅಂತ ಖುಷಿಪಟ್ಟಳು.

ಈಗ ಊಟದ ಮಾತಿಗೆ ಬರೋಣ. ಅದಕ್ಕೆ ಮೊದಲು ಮೈಸೂರಿನಲ್ಲಿ ಆದದ್ದು ಹೇಳಬೇಕು. ಅದನ್ನು ಹೇಳಲು ನಾಚಿಕೆ ಆಗುತ್ತದೆ.

ಮೊದಲ ದಿನ ರಾತ್ರಿ ಊಟದ ಹೋಟೆಲ್ಲು ಆರಿಸಿದ್ದು ನಾವಿಬ್ಬರು. ಓದಿದವರು, ಫೋನು ಕೈಯಲ್ಲಿ ಇದ್ದವರು. ಚಿಕ್ಕಿ ಎಷ್ಟು ಬಿದ್ದಾವೆ ನೋಡಿ, ಏಸಿ ಇರುವ ಒಂದು ಹೋಟೆಲ್ಲಿಗೆ ಕರೆದುಕೊಂಡು ಹೋದೆವು. ಬಾಗಿಲಲ್ಲಿ ಅಪ್ಪ ತನ್ನ ಕಾಲು ನೋಡಿಕೊಂಡ. ಚಪ್ಪಲಿ ಹೊರಗೆ ಬಿಡಬೇಕೋ ಬ್ಯಾಡೋ ಗೊತ್ತಾಗಲಿಲ್ಲ. ಮೆನು ನಾವು ಓದಿದೆವು, ನಾವೇ ಹೇಳಿದೆವು. ಆಯಿ ಚಳಿಗೆ ಸೆರಗು ಹೊದ್ದುಕೊಂಡಳು. ಅವ್ವ ಅರ್ಧ ರೋಟಿ ತಿಂದು ಸಾಕು ಅಂದಳು. ಬಿಲ್ಲು 1,900 ಬಂತು. ಅಪ್ಪ ಎರಡು ಸಲ ಎಣಿಸಿ ಕೊಟ್ಟ.

ಆ ರಾತ್ರಿ ಲಾಡ್ಜಿನಲ್ಲಿ ಎಚ್ಚರಾದಾಗ ಕತ್ತಲಲ್ಲಿ ಕಟಕಟ ಸಪ್ಪಳ ಕೇಳಿತು. ಆಯಿ, ಅವ್ವ ಇಬ್ಬರೂ ಗೋಡೆಗೆ ಆತು ಕೂತು ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ಲೈಟು ಹಾಕಿರಲಿಲ್ಲ. ನಾವು ನಿದ್ದೆ ಬಂದವರಂತೆ ಮಲಗಿದೆವು. ನಮಗೆ ಗೊತ್ತಾದದ್ದು ಅವರಿಗೆ ಗೊತ್ತಾಗಬಾರದು ಅನಿಸಿತು.

ಅದಕ್ಕೇ ಕಡೀ ದಿನದ ಊಟ ತಪ್ಪಬಾರದು ಅಂತ ನಮ್ಮ ಹಟ. ಗೇಟಿನ ಮುಂದೆ ಒಬ್ಬೊಬ್ಬರದು ಒಂದೊಂದು ಮಾತು.

ತಮ್ಮನಿಗೆ ಬೆಂಗಳೂರಿನ ಮಾಲಿಗೆ ಹೋಗಿ ಪಿಜ್ಜಾ ತಿನ್ನಬೇಕು. "ಒಂದ್ಸಲನರ ತಿನ್ನೂಣಪ್ಪ" ಅಂದ. ಮಾಲಿನ ಊಟದ ಅಂಗಡಿಗಳಲ್ಲಿ ಸಾಮಾನ್ಯವಾಗಿ ನಾವೇ ಸಾಲಿಗೆ ನಿಂತು ತರಬೇಕು, ಕೂರಲು ಜಾಗ ಹುಡುಕಬೇಕು. ಆಯಿಯ ಮೊಣಕಾಲು ನೆನೆಸಿ ಬಿಟ್ಟೆವು.

ಅಪ್ಪ ಬಿಡದಿಯ ತಟ್ಟೆ ಇಡ್ಲಿ ಅಂದ. ಅದು ಇಡೀ ರಾಜ್ಯಕ್ಕೆ ಗೊತ್ತಿರುವ ತಿಂಡಿ. ನಮ್ಮ ಕಡೆ ಇಡ್ಲಿ ಗುಂಡಗೆ ಸಣ್ಣದು. ಅಲ್ಲಿ ಅಗಲ ತಟ್ಟೆಯಲ್ಲಿ ಬೇಯಿಸುತ್ತಾರೆ, ಮೇಲೆ ಬೆಣ್ಣೆ ಹಾಕುತ್ತಾರೆ. ಒಂದೊಂದೂ ದೊಡ್ಡದು. ಅಗ್ಗ, ಹತ್ತಿರ. ಆಯಿ ಒಪ್ಪಲಿಲ್ಲ. "ಇಡ್ಲಿ ಜ್ವರ ಬಂದೋರು ತಿನ್ನೋದು. ಅದು ಊಟಲ್ಲ."

ರಾಮನಗರದ ಜಾನಪದ ಲೋಕದ ಮಗ್ಗಲಲ್ಲಿ ಕಾಮತ್ ಲೋಕರುಚಿ ಇದೆ, ಅಲ್ಲಿ ಜೋಳದ ರೊಟ್ಟಿ ಸಿಗುತ್ತದೆ ಅಂತ ನಾವು ಹೇಳಿದೆವು. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನು ಅಪ್ಪನಿಗೆ ತೋರಿಸುವ ಆಸೆಯೂ ಇತ್ತು. ಆದರೆ ಬಿಡದಿಯಿಂದ ರಾಮನಗರ ಅಂದರೆ ಮೈಸೂರು ಕಡೆ ಹಿಂದಕ್ಕೆ ಹೋಗಬೇಕು. ರೈಲು ಬೆಂಗಳೂರು ಕಡೆ. ರೈಲು ತಪ್ಪಿದರೆ ಮರುದಿನ ಅಪ್ಪನ ಪಾಳಿ ತಪ್ಪುತ್ತದೆ, ಅದರ ಜೊತೆ ಪಗಾರ. ಅದೂ ಬಿಟ್ಟೆವು.

ಇಷ್ಟರಲ್ಲಿ ದನಿ ಏರಿತ್ತು. ಅಪ್ಪ, "ನನಗ ಹಸಿವಾಗಿಲ್ಲ, ನೀವು ತಿನ್ರಿ" ಅಂದ. ಅದು ಕೇಳಿ ತಮ್ಮನಿಗೆ ಸಿಟ್ಟು ಬಂತು. ಸಿಟ್ಟು ನೋಡಿ ಅವ್ವ, "ಏನೂ ಬ್ಯಾಡ, ಬುತ್ತಿಯೊಳಗ ಇನ್ನ ನಾಕು ರೊಟ್ಟಿ ಅದಾವು" ಅಂದಳು.

ಆಗ ಆಯಿ ಕೋಲು ನೆಲಕ್ಕೆ ಕುಟ್ಟಿ ಹೇಳಿದಳು: "ಯಾರ ಸಲುವಾಗಿ ಬಂದೀರಿ ಇಲ್ಲಿಗೆ? ಆಕಿನ್ನ ಕೇಳ್ರಿ."

ಹೌದಲ್ಲ. ಮೂರು ದಿನದಲ್ಲಿ ಅಕ್ಕನನ್ನು ನಾವು ಊಟದ ವಿಷಯ ಕೇಳಿಯೇ ಇರಲಿಲ್ಲ.

ಅಕ್ಕ ಹಸಿ ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಎಲ್ಲಿಯಾದ್ರೂ ನಡಿತೈತಿ. ಆದ್ರ ಅವ್ವ ಕುಂತು ಬಿಸಿ ರೊಟ್ಟಿ ತಿನ್ನಬೇಕು. ಹುಟ್ಟಿದಾಗಿಂದ ನಾ ಅದನ್ನ ನೋಡಿಲ್ಲ."

ನಾವು ಯಾರೂ ನೋಡಿರಲಿಲ್ಲ.

ನಿಮ್ಮ ಮನೆಯಲ್ಲೂ ಹಂಗೇ ಇರಬಹುದು, ನೆನಪು ಮಾಡಿಕೊಳ್ಳಿ. ಅವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಾಳೆ. ಹಂಚಿನಿಂದ ಇಳಿದದ್ದು ಇಳಿದಂತೆ ಅಪ್ಪನ ತಾಟಿಗೆ, ಆಮೇಲೆ ನಮಗೆ, ಆಯಿಗೆ. ಎಲ್ಲರದು ಮುಗಿದ ಮೇಲೆ, ಒಲೆ ಆರಿದ ಮೇಲೆ, ಬುಟ್ಟಿಯ ತಳದಲ್ಲಿ ಉಳಿದದ್ದು ಅವ್ವನಿಗೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ರೊಟ್ಟಿ ಹೋಗುತ್ತವಲ್ಲ, ಅದಕ್ಕೂ ಅವ್ವ ಓಣಿಯ ಹೆಣ್ಣುಮಕ್ಕಳ ಜೊತೆ ಕೂತು ವರ್ಷಾ ವರ್ಷ ಬಡಿಯುತ್ತಾಳೆ. ಎಷ್ಟು ಸಾವಿರ ರೊಟ್ಟಿ ಆಕೆಯ ಕೈಯಿಂದ ಹೋಗಿರಬೇಕು. ಬಿಸಿ ಇದ್ದಾಗ ತಿಂದದ್ದು ಒಂದೂ ಇಲ್ಲ.

ಜಗಳ ಅಲ್ಲಿಗೇ ನಿಂತಿತು. ಎಲ್ಲಿ ಹೋಗಬೇಕು ಅನ್ನೋದು ತಾನೇ ತಿಳಿಯಿತು. ಮೆಜೆಸ್ಟಿಕ್, ಗಾಂಧಿನಗರದ ಸುತ್ತ ನಮ್ಮ ಕಡೆಯ ರೊಟ್ಟಿ ಖಾನಾವಳಿಗಳಿವೆ. ರೈಲ್ವೆ ಸ್ಟೇಷನ್ನಿಗೂ ಹತ್ತಿರ.

ಬಿಡದಿಯಿಂದ ಕೆಂಗೇರಿಗೆ ಬಸ್ಸು ಹಿಡಿದೆವು. ನಾಲ್ಕು ಮಂದಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ. "ನಮ್ಮ ಟಿಕೇಟಿನ ರೊಕ್ಕ ಉಳೀತಲ್ಲ, ಅದ್ರಾಗ ನಿಮಗ ಉಣ್ಣಾಕ ಹಾಕತೀವಿ" ಅಂತ ಆಯಿ ಅಪ್ಪನನ್ನು ಚಾಷ್ಟಿ ಮಾಡಿದಳು. ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೋ, ಸೀದಾ ಮೆಜೆಸ್ಟಿಕ್. ಟ್ರಾಫಿಕ್ಕಿನ ಚಿಂತೆ ಇಲ್ಲ. ಎಂಟು ದಾಟುವ ಹೊತ್ತಿಗೆ ನಾವು ಖಾನಾವಳಿಯ ಒಳಗಿದ್ದೆವು.

ಸಣ್ಣ ಜಾಗ. ಉದ್ದ ಬೆಂಚು, ಸ್ಟೀಲಿನ ತಾಟು, ಗೋಡೆ ಮೇಲೆ ಬಸವಣ್ಣನ ಫೋಟೋ. ಅಪ್ಪ ಚಪ್ಪಲಿ ನೋಡಿಕೊಳ್ಳಲಿಲ್ಲ, ಸೀದಾ ಹೋಗಿ ಕೈ ತೊಳೆದ. ಊಟ 110 ರೂಪಾಯಿ ಅಂತ ಬೋರ್ಡಿನಲ್ಲಿ ಬರೆದಿತ್ತು. ಅಪ್ಪ ಅದನ್ನು ಓದಿ, ಆರಕ್ಕೆ ಗುಣಿಸಿ, ಉಸಿರು ಬಿಟ್ಟದ್ದು ನಮಗೆ ಕಾಣಿಸಿತು.

ಎರಡು ರೊಟ್ಟಿ, ಎಣಗಾಯಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಅಡುಗೆಮನೆ ಬಾಗಿಲು ತೆರೆದೇ ಇತ್ತು. ಒಳಗೆ ಒಬ್ಬಾಕೆ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಕೇಳಿ ಅವ್ವನ ಕಿವಿ ಅತ್ತ ಹೋಯಿತು. ಮೊದಲನೇ ರೊಟ್ಟಿ ತಾಟಿಗೆ ಬಿದ್ದ ಕೂಡಲೇ ಅವ್ವ ಅದನ್ನು ಎತ್ತಿ ಅಪ್ಪನ ತಾಟಿಗೆ ಹಾಕಲು ಹೋದಳು. ಅಕ್ಕ ಕೈ ಹಿಡಿದಳು. "ಅದು ನಿಂದವ್ವಾ."

ಅವ್ವ ಮುರಿದಳು. ಒಳಗಿಂದ ಹಬೆ ಬಂತು. ಎಣಗಾಯಿ ಹಚ್ಚಿಕೊಂಡು ತಿಂದಳು. ನಾವು ಐದು ಮಂದಿ ಆಕೆಯನ್ನೇ ನೋಡುತ್ತಿದ್ದೆವು. "ಏನ್ ನೋಡತೀರಿ, ಉಣ್ರಿ" ಅಂತ ಬೈದಳು. ಎರಡು ಮುಗಿದಾಗ ಬಡಿಸುವ ಹುಡುಗ ಬಂದು, "ಇನ್ನೊಂದು ಹಾಕ್ಲೇನ್ರಿ ಅಕ್ಕಾರ?" ಅಂದ. ಬ್ಯಾಡ ಅನ್ನುತ್ತಾಳೆ ಅಂದುಕೊಂಡೆವು. ಅವ್ವ ತಾಟು ಮುಂದೆ ಮಾಡಿದಳು.

ಕೈ ತೊಳೆಯಲು ಹೋದಾಕೆ ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟಳು. ಒಳಗಿನಾಕೆ ಕುಷ್ಟಗಿ ಕಡೆಯವಳಂತೆ. ಇಬ್ಬರೂ ಹಿಟ್ಟು, ಬಿಸಿನೀರು, ಜೋಳದ ರೇಟು ಅಂತ ಐದು ನಿಮಿಷ ಮಾತಾಡಿದರು. ಹೊರಡುವಾಗ ಅವ್ವ ಆಕೆಯನ್ನು ಕೇಳಿದ್ದು ನಮಗೆ ಕೇಳಿಸಿತು: "ನೀ ಯಾವಾಗ ಉಣ್ಣತೀ?"

"ಎಲ್ಲಾರದು ಆದ ಮ್ಯಾಲ್ರಿ" ಅಂದಳು ಆಕೆ.

ಬಿಲ್ಲು ನಾಲ್ಕು ಹೆಚ್ಚಿನ ರೊಟ್ಟಿ ಸೇರಿ 720. ಅಪ್ಪ ಒಂದೇ ಸಲ ಎಣಿಸಿ ಕೊಟ್ಟ. ರೈಲು ಸಿಕ್ಕಿತು. ಬರ್ತಿನ ಮೇಲೆ ಆಯಿ ಮಲಗಿದ ಕೂಡಲೇ ಗೊರಕೆ ಹೊಡೆದಳು. ಆ ರಾತ್ರಿ ಕತ್ತಲಲ್ಲಿ ಯಾರೂ ಎದ್ದು ಬುತ್ತಿ ಬಿಚ್ಚಲಿಲ್ಲ.

ಅಕ್ಕನ ಲಗ್ನ ಆಗಿ ಈಗ ಕೆಲವು ತಿಂಗಳಾಯಿತು. ವಂಡರ್‌ಲಾದ ಫೋಟೋಗಳು ನಮ್ಮ ಫೋನಿನಲ್ಲಿ ನೂರಾರು ಇವೆ. ಖಾನಾವಳಿಯದು ಒಂದೂ ಇಲ್ಲ, ತೆಗೆಯುವ ನೆನಪೇ ಆಗಲಿಲ್ಲ. ಆದರೆ ಅಕ್ಕ ಸೋಲಾಪುರದಿಂದ ಫೋನು ಮಾಡಿದಾಗಲೆಲ್ಲ ಕೇಳುವುದು ಒಂದೇ: "ಅವ್ವ ಉಂಡಳೇನು? ಬಿಸಿದು?"

ನಿಜ ಹೇಳಬೇಕೆಂದರೆ, ದಿನಾ ಆಗುವುದಿಲ್ಲ. ತಮ್ಮ ರೊಟ್ಟಿ ಬಡಿಯಲು ಕಲಿಯುತ್ತಿದ್ದಾನೆ, ಅವನ ರೊಟ್ಟಿ ನಮ್ಮ ಜಿಲ್ಲೆಯ ನಕಾಶೆಯಂತೆ ಇರುತ್ತದೆ. ಅದನ್ನು ಹಂಚಿನಿಂದ ಇಳಿಸಿ ಮೊದಲು ಅವ್ವನ ತಾಟಿಗೆ ಹಾಕುತ್ತೇವೆ. ವಾರದಲ್ಲಿ ಎರಡು ದಿನ. ಅವ್ವ ಹೆಸರಿಟ್ಟುಕೊಂತಲೇ ತಿನ್ನುತ್ತಾಳೆ.

ನೀವೂ ಮನೆಯವರನ್ನು ಕರೆದುಕೊಂಡು ಹೋಗುವವರಿದ್ದರೆ ನಮ್ಮ ಅನುಭವದಿಂದ ಮೂರು ಮಾತು. ಇಂಥ ಪಾರ್ಕುಗಳಲ್ಲಿ ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಹಿಂಗಾಗಿ ಊಟದ ರೊಕ್ಕ ಮೊದಲೇ ಬೇರೆ ತೆಗೆದಿಡಿ. ಹೆಣ್ಣುಮಕ್ಕಳ ಆಧಾರ್ ಕಾರ್ಡು ಕೈಗೆ ಸಿಗುವಂತೆ ಇರಲಿ, ಬಸ್ಸಿನಲ್ಲಿ ಬೇಕು. ಮತ್ತೆ ಕಡೀ ದಿನದ ಊಟ ಎಲ್ಲಿ ಅಂತ ಫೋನನ್ನು ಕೇಳುವ ಮೊದಲು, ಮನೆಯಲ್ಲಿ ಯಾವಾಗಲೂ ಕಡೆಗೆ ಉಣ್ಣುವವರು ಯಾರಿದ್ದಾರೆ, ಅವರನ್ನು ಕೇಳಿ.