ಕರೆಂಟಿನ ಒಲೆ ಮತ್ತು ಮೂರನೆಯ ತಂತಿ

ಚಾತುರ್ಮಾಸದ ದಿನಗಳಲ್ಲಿ ಸಂಜೆಯ ಅಡುಗೆಯೆಂದರೆ ನಮ್ಮಂಥ ವ್ಯಾಪಾರಸ್ಥರ ಮನೆಗಳಲ್ಲಿ ಗಡಿಯಾರ ನೋಡಿಕೊಂಡು ಮಾಡುವ ಕೆಲಸ. ಅಂಗಡಿಯಿಂದ ಗಂಡಸರು ಬರಬೇಕು, ಸೂರ್ಯ ಮುಳುಗುವ ಮೊದಲು ಎಲ್ಲರ ಊಟ ಮುಗಿಯಬೇಕು, ಮಕ್ಕಳಿಗೂ ನೀರು ಕುಡಿಸಿ ಆಗಬೇಕು. ಪತ್ತಿಕೊಂಡದಲ್ಲಿ ನಮ್ಮದು ಶೇಂಗಾ ಮತ್ತು ಹತ್ತಿಯ ದಲಾಲಿ ಅಂಗಡಿ. ತೂಕ, ಹಮಾಲಿ, ರೈತರ ಪಟ್ಟಿ ಎಂದು ಐದು ಗಂಟೆಯಾದರೂ ಗಲ್ಲೆ ಬಿಟ್ಟು ಏಳಲಾಗುವುದಿಲ್ಲ. ಮನೆಗೆ ಬಂದ ಮೇಲೆ ಒಲೆ ಹೊತ್ತಿಲ್ಲವೆಂದರೆ ಅಂದಿನ ಊಟ ಅಲ್ಲಿಗೇ ಹೋಯಿತು.

ಈಗ ಹೇಳಹೊರಟಿರುವುದು ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಆಗ ಗ್ಯಾಸಿನ ಸಂಪರ್ಕಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸೀಮೆಎಣ್ಣೆಯ ಸ್ಟೌವಿನ ವಾಸನೆ ನಮ್ಮ ತಾಯಿಯವರಿಗೆ ಆಗುತ್ತಿರಲಿಲ್ಲ. ಸೌದೆ ಒಲೆಯಲ್ಲಿ ಇನ್ನೊಂದು ಸಂಕಟವಿತ್ತು. ಒಂದೊಂದು ಸೌದೆಯನ್ನೂ ನೆಲಕ್ಕೆ ಕುಟ್ಟಿ, ಗೆದ್ದಲು, ಇರುವೆ ಇದೆಯೇ ಎಂದು ನೋಡಿ ಒಲೆಗಿಡುವುದು ಅವರ ಕ್ರಮ. ಮಳೆಗಾಲದಲ್ಲಿ ಹಾಗೆ ನೋಡಿದರೆ ಅರ್ಧ ಸೌದೆ ಪಕ್ಕಕ್ಕೇ ಹೋಗುತ್ತಿತ್ತು. ಮೋಡ ಕವಿದ ಸಂಜೆ ಉರಿಗೆ ಹಾರಿಬಂದು ಬೀಳುವ ರೆಕ್ಕೆಹುಳುಗಳನ್ನು ಕಂಡರಂತೂ ಅವರು ಆ ದಿನ ಊಟಕ್ಕೇ ಕೂಡುತ್ತಿರಲಿಲ್ಲ. ಅದನ್ನೆಲ್ಲ ನೋಡಿ, ಉರಿಯಿಲ್ಲದ ಒಲೆಯೊಂದು ಇದ್ದರೆ ಒಳ್ಳೆಯದೆಂದು ನಾವು ಅಣ್ಣತಮ್ಮಂದಿರು ಮಾತಾಡಿಕೊಂಡು ಬಳ್ಳಾರಿಯಿಂದ ಒಂದು ಕರೆಂಟಿನ ಒಲೆ ತಂದೆವು. ತಗಡಿನ ಮೈ, ಮೇಲೆ ಮಣ್ಣಿನ ಬಿಲ್ಲೆಯಲ್ಲಿ ಸುರುಳಿ ತಂತಿ, 1500 ವ್ಯಾಟ್.

ಅಡುಗೆಮನೆಗೂ ಅಹಿಂಸೆಗೂ ನಂಟಿದೆ ಎಂಬುದು ನಮ್ಮ ಸೀಮೆಗೆ ಹೊಸದಲ್ಲ. ಪತ್ತಿಕೊಂಡದಿಂದ ಗುತ್ತಿಗೆ ಹೋಗುವ ದಾರಿಯಲ್ಲಿ ಎರ್ರಗುಡಿ ಇದೆ. ಅಲ್ಲಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅವುಗಳಲ್ಲಿ ಮೊದಲನೆಯದು ಅರಮನೆಯ ಅಡುಗೆಮನೆಯ ಲೆಕ್ಕವನ್ನೇ ಹೇಳುತ್ತದೆ: ಹಿಂದೆ ದಿನವೂ ಲೆಕ್ಕವಿಲ್ಲದಷ್ಟು ಪ್ರಾಣಿಗಳು ಸಾಯುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ, ಮುಂದೆ ಅವೂ ಇಲ್ಲ. ಹರಳು ಹುಡುಕಲು ಮೊದಲ ಮಳೆಗೆ ಜೊನ್ನಗಿರಿ, ತುಗ್ಗಲಿಯ ಹೊಲಗಳಿಗೆ ಓಡುವ ಜನ ದಾರಿಯಲ್ಲಿ ಒಂದು ಗಳಿಗೆ ಅಲ್ಲಿ ನಿಂತರೆ ಎಷ್ಟು ಚೆನ್ನ ಎಂದು ನಮಗೆ ಅನ್ನಿಸುವುದುಂಟು. ಅದಿರಲಿ.

ಒಲೆ ಕೂಡಿಸಲು ಬಂದ ವೈರ್‌ಮನ್ ಚುರುಕಾದ ಹುಡುಗ. ಅಡುಗೆಮನೆಯಲ್ಲಿ ದೀಪದ ಲೈನಿಗೇ ಒಂದು ದೊಡ್ಡ ಸಾಕೆಟ್ ಹಾಕಿದ. “ಅರ್ತ್ ಹೆಂಗಪ್ಪಾ?” ಎಂದು ಕೇಳಿದೆವು, ಅಷ್ಟು ನಮಗೂ ಗೊತ್ತಿತ್ತು. “ಐತ್ರೀ ಸಾವ್ಕಾರ್ರೆ, ನೋಡ್ರಿಲ್ಲಿ” ಎಂದು ಬಲ್ಬಿನ ಎರಡು ತಂತಿಗಳನ್ನು ಸಾಕೆಟ್ಟಿನ ಎರಡು ತೂತಿಗೆ ಹಿಡಿದ. ಮೇಲಿನ ದೊಡ್ಡ ತೂತಿಗೂ ಲೈನಿಗೂ ಹಿಡಿದಾಗ ಬಲ್ಬು ಪೂರ್ತಿ ಬೆಳಗಿತು. ನಾವು ನಂಬಿದೆವು. ಅಂಗಳ ಅಗೆದು ಅರ್ತ್ ಗುಂಡಿ ಮಾಡುವ ಖರ್ಚು ಉಳಿಯಿತೆಂದು ಮನಸ್ಸಿಗೆ ಸಮಾಧಾನವೂ ಆಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದು ಚೀಲ ಶೇಂಗಾದಲ್ಲಿ ಎಷ್ಟು ಮಣ್ಣಿದೆ ಎಂದು ಕೈಹಾಕಿ ನೋಡುವ ನಾವು, ಆ ಸಾಕೆಟ್ಟಿನ ಮುಚ್ಚಳ ತೆಗೆಸಿ ನೋಡಲಿಲ್ಲ.

ಒಂದು ವರ್ಷ ಒಲೆ ಚೆನ್ನಾಗಿಯೇ ನಡೆಯಿತು. ಮರುವರ್ಷ ಭಾದ್ರಪದದ ಒಂದು ಚತುರ್ದಶಿ. ತಾಯಿಯವರು ಸಂಜೆ ಮತ್ತೆ ಸ್ನಾನ ಮಾಡಿ, ಮಳೆಯಿಂದಾಗಿ ಪೂರ್ತಿ ಒಣಗದ ಮಡಿಸೀರೆಯನ್ನೇ ಉಟ್ಟು, ಆಗಷ್ಟೇ ಒರೆಸಿದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಂತು ಅಡುಗೆ ಮಾಡುತ್ತಿದ್ದರು. ಹೊರಗೆ ಗಾಳಿ ಎದ್ದಿತು. ದೀಪ ಆರಿತು, ಒಲೆಯ ಸುರುಳಿಯ ಕೆಂಪೂ ಇಳಿಯಿತು. ಕರೆಂಟು ಹೋಯಿತೆಂದು ಎಲ್ಲರೂ ಅಂದುಕೊಂಡೆವು. ಅನ್ನ ಬೆಂದಿತ್ತು. ತಾಯಿಯವರು ಒದ್ದೆ ಬಟ್ಟೆ ಹಿಡಿದು ಹಿತ್ತಾಳೆಯ ತಪ್ಪಲೆಯನ್ನು ಇಳಿಸಲು ಹೋದರು. ಕೈ ಒಲೆಯ ತಗಡಿಗೆ ತಾಗಿತು, ತಾಗಿದ್ದು ಬಿಡಲಿಲ್ಲ. ಕೂಗಲೂ ಇಲ್ಲ. ಮೈಯೆಲ್ಲ ಬಿಗಿದು ನಿಂತುಬಿಟ್ಟರು.

ನಾವು ಓಡಿ ಭುಜ ಹಿಡಿದೆಳೆಯಬೇಕೆನ್ನುವಷ್ಟರಲ್ಲಿ, ಅಂಗಡಿಯ ಬೀಗದಕೈ ಕೊಡಲು ಬಂದಿದ್ದ ನಮ್ಮ ಹಮಾಲಿ ಬಾಗಿಲಲ್ಲಿ ನಿಂತು, “ಮುಟ್ಟಬ್ಯಾಡ್ರೀ! ಮೇನ್ ತೆಗೀರಿ, ಮೇನ್!” ಎಂದು ಕೂಗಿದ. ಆದವಾನಿಯ ಹತ್ತಿ ಮಿಲ್ಲಿನಲ್ಲಿ ದುಡಿದು ಬಂದವನು, ಇಂಥದ್ದನ್ನು ಅಲ್ಲಿ ಕಂಡಿದ್ದ. ತಮ್ಮ ಹೋಗಿ ಮೇನ್ ಸ್ವಿಚ್ ಕೆಳಗೆಳೆದ. ತಾಯಿಯವರು ಕುಸಿದು ಕೂತರು. ತಪ್ಪಲೆ ಉರುಳಿ ಗಂಜಿಯೆಲ್ಲ ಕಲ್ಲಿನ ಮೇಲೆ ಹರಿಯಿತು, ಪುಣ್ಯಕ್ಕೆ ಮೈಮೇಲೆ ಬೀಳಲಿಲ್ಲ. ಎರಡು ಬೆರಳು ಸುಟ್ಟು ಬಿಳಿಚಿದ್ದವು. ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ದು ಎದೆಯ ಬಡಿತ ನೋಡಿಸಿದೆವು. ಹೊರಗೆ ಗಾಯ ಚಿಕ್ಕದಾಗಿದ್ದರೂ ಒಳಗೆ ಹೃದಯದ ಲಯ ಕೆಡುವುದುಂಟು, ಕರೆಂಟು ಹೊಡೆದವರನ್ನು ತೋರಿಸದೆ ಇರಬೇಡಿ ಎಂದು ವೈದ್ಯರು ಹೇಳಿದರು. ಅವರ ಬಲಗೈಗೆ ಬಲ ಬರಲು ತಿಂಗಳು ಹಿಡಿಯಿತು.

ಕರೆಂಟೇ ಇಲ್ಲದಾಗ ಕರೆಂಟು ಹೊಡೆದದ್ದು ಹೇಗೆ? ಇದು ನಮಗೆ ಬಿಡಿಸಲಾಗದ ಒಗಟಾಗಿತ್ತು. ಗುತ್ತಿಯಿಂದ ಒಬ್ಬ ಹಿರಿಯ ವೈರ್‌ಮನ್ನನ್ನು ಕರೆಸಿದೆವು. ಆತ ಸಾಕೆಟ್ಟಿನ ಮುಚ್ಚಳ ತೆಗೆದು ನಮ್ಮನ್ನು ಹತ್ತಿರ ಕರೆದು ತೋರಿಸಿದ. ಮೇಲಿನ ದೊಡ್ಡ ತೂತು ಅರ್ತಿನದು. ಅಲ್ಲಿಂದ ನೆಲಕ್ಕೆ ಹೋಗುವ ತಂತಿಯೇ ಇರಲಿಲ್ಲ. ಒಂದು ಗೇಣು ತಂತಿಯಿಂದ ಅದನ್ನು ಪಕ್ಕದ ನ್ಯೂಟ್ರಲ್‌ಗೆ ಜೋಡಿಸಿಬಿಟ್ಟಿದ್ದರು. ಬಲ್ಬು ಬೆಳಗಿದ್ದು ಅದರಿಂದಲೇ. ಎಲ್ಲ ನೆಟ್ಟಗಿರುವಾಗ ಇದರಿಂದ ಏನೂ ತಿಳಿಯುವುದಿಲ್ಲ. ಅಂದು ಗಾಳಿಗೆ ಕಂಬದಿಂದ ಮನೆಗೆ ಬರುವ ನ್ಯೂಟ್ರಲ್ ತಂತಿ ಕಳಚಿತ್ತು, ಲೈನಿನ ತಂತಿ ಹಾಗೇ ಇತ್ತು. ಹಿಂದಿರುಗುವ ದಾರಿ ಇಲ್ಲದೆ ದೀಪ ಆರಿತು, ಒಲೆ ಆರಿತು. ಆದರೆ ಲೈನಿನ ಕರೆಂಟು ಒಲೆಯ ಸುರುಳಿಯನ್ನು ದಾಟಿ ನ್ಯೂಟ್ರಲ್‌ವರೆಗೆ ಬಂದು, ಆ ಗೇಣು ತಂತಿಯ ಮೂಲಕ ಒಲೆಯ ತಗಡಿಗೇ ಏರಿ ಕಾದಿತ್ತು. ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರು ಮುಟ್ಟಿದಾಗ ಅದಕ್ಕೆ ದಾರಿ ಸಿಕ್ಕಿತು. ಅರ್ತ್ ಇಲ್ಲವೇ ಇಲ್ಲ ಎಂದಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲ, ಇದ್ದಂತೆ ತೋರಿಸಿದ್ದರಿಂದ ಆಯಿತು ಎಂದ ಆ ಹಿರಿಯ.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು: ಬಲ್ಬು ಹಚ್ಚಿ ತೋರಿಸಿದರೆ ಒಪ್ಪಬೇಡಿ. ಮೇನ್ ತೆಗೆಸಿ, ಸಾಕೆಟ್ಟಿನ ಮುಚ್ಚಳ ಬಿಚ್ಚಿಸಿ. ಅರ್ತ್ ಪಿನ್ನಿನಿಂದ ಬೇರೆಯೇ ಒಂದು ತಂತಿ, ಸಾಮಾನ್ಯವಾಗಿ ಹಸಿರು ಬಣ್ಣದ್ದು, ಹೊರಟು ನಿಮ್ಮ ಅಂಗಳದ ಗುಂಡಿಯವರೆಗೆ ಹೋಗುತ್ತದೆಯೇ ಎಂದು ಕಣ್ಣಾರೆ ನೋಡಿ.

ಗುಂಡಿಯ ಮಾತು ಸ್ವಲ್ಪ ಹೇಳಬೇಕು. ಎಂಟು ಹತ್ತು ಅಡಿ ಆಳಕ್ಕೆ ಸತುವಿನ ಲೇಪದ ಕಬ್ಬಿಣದ ಕೊಳವೆ ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬುವುದು ಹಳೆಯ ಕ್ರಮ. ನಮ್ಮ ಅಂಗಳದಲ್ಲಿ ನಾಲ್ಕು ಅಡಿಗೇ ಬಂಡೆ ಸಿಕ್ಕಿತು. ಆ ಹಿರಿಯ ಅಲ್ಲಿಗೇ ಮುಚ್ಚಿಬಿಡಲು ಒಪ್ಪದೆ, ಹಿತ್ತಿಲ ಬಚ್ಚಲಿನ ಪಕ್ಕದ ತೇವದ ನೆಲದಲ್ಲಿ ಮತ್ತೆ ತೋಡಿಸಿದ. ನಮ್ಮ ಕಡೆಯ ಬೇಸಿಗೆಯಲ್ಲಿ ನೆಲ ಒಣಗಿ ಬಿರಿಯುತ್ತದೆ. ಒಣ ಮಣ್ಣಿನಲ್ಲಿ ಅರ್ತ್ ಇದ್ದೂ ಇಲ್ಲದಂತೆ, ಆದ್ದರಿಂದ ಕೊಳವೆಯ ಬಾಯಿಗೆ ಆಗಾಗ ನೀರು ಹಾಕುತ್ತಿರಬೇಕು. ತೋಡುವುದಿದ್ದರೆ ಮಳೆಗಾಲ ಬಿಟ್ಟು ತೋಡಿಸಿ, ಮಣ್ಣಿನಲ್ಲಿ ಜೀವಗಳು ತುಂಬಿರುವ ಕಾಲವದು. ನಮ್ಮ ತಾಯಿಯವರು ಕಾರ್ತಿಕ ಕಳೆಯುವವರೆಗೆ ತೋಡಗೊಡಲಿಲ್ಲ. ಅಲ್ಲಿಯವರೆಗೆ ಒಲೆ ಅಟ್ಟದ ಮೇಲಿತ್ತು, ಸೌದೆ ಕುಟ್ಟುವುದು ಮತ್ತೆ ಶುರುವಾಗಿತ್ತು.

ಈಗ ನಮ್ಮ ಮನೆಯಲ್ಲಿರುವುದು ಇಂಡಕ್ಷನ್ ಒಲೆ. 2000 ವ್ಯಾಟಿನದು, ಪೂರ್ತಿ ಉರಿಯಲ್ಲಿ ಅರ್ಧ ಗಂಟೆಗೆ ಒಂದು ಯೂನಿಟ್. ಸುಮಾರು 9 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ದೀಪ, ಮೊಬೈಲು ಚಾರ್ಜರಿನ 6 ಆಂಪಿಯರ್ ಸಾಕೆಟ್ಟಿಗೆ ಇದನ್ನು ಯಾವ ಉಪಾಯದಿಂದಲೂ ಸಿಕ್ಕಿಸಬಾರದು. 16 ಆಂಪಿಯರಿನ ಸಾಕೆಟ್ಟು, ಮೇನ್ ಬೋರ್ಡಿನಿಂದಲೇ ಬೇರೆಯಾಗಿ ಬಂದ ತಾಮ್ರದ ತಂತಿ, ಅದಕ್ಕೆ ತನ್ನದೇ ಎಂಸಿಬಿ ಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ಹಬ್ಬದ ಅಡುಗೆ ಮಾಡುವವರನ್ನು ಕಂಡಿದ್ದೇವೆ. ಪ್ಲಗ್ಗು ಮುಟ್ಟಿದರೆ ಬಿಸಿ, ವಾಸನೆ ಬೇರೆ. ಅದು ಮುನ್ಸೂಚನೆ ಎಂದು ಯಾರಿಗೂ ತೋಚುವುದಿಲ್ಲ.

ಇದರ ಜೊತೆಗೆ ಬೋರ್ಡಿನಲ್ಲಿ ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ ಹಾಕಿಸಿದ್ದೇವೆ. ಎಂಸಿಬಿ ತಂತಿಯನ್ನು ಕಾಯುತ್ತದೆ, ಇದು ಮನುಷ್ಯನನ್ನು ಕಾಯುತ್ತದೆ. ಹೋದ ಕರೆಂಟು ಹಿಂದಿರುಗುವಾಗ 30 ಮಿಲಿ ಆಂಪಿಯರಿನಷ್ಟು ಲೆಕ್ಕ ತಪ್ಪಿದರೂ ಕಣ್ಣು ಮಿಟುಕಿಸುವುದರೊಳಗೆ ಕಡಿದುಬಿಡುತ್ತದೆ. ಜಮಾ ಖರ್ಚು ತಾಳೆಯಾಗದಿದ್ದರೆ ಅಂಗಡಿ ಬಾಗಿಲು ಹಾಕುವ ಗುಮಾಸ್ತ ಎಂದು ನಮ್ಮ ತಮ್ಮ ಹೇಳುತ್ತಾನೆ. ತಿಂಗಳಿಗೊಮ್ಮೆ ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ಇದಿದೆಯೆಂದು ಅರ್ತ್ ಬಿಡುವಂತಿಲ್ಲ.

ಮಡಿಯ ವಿಷಯ ನಮ್ಮ ಸಹೋದರಿಯರಿಗಾಗಿ ಬರೆಯುತ್ತಿದ್ದೇವೆ. ಮುನಿಗಳ ಆಹಾರಕ್ಕೆ, ನೋಂಪಿಗೆ, ಪರ್ವಗಳಿಗೆ ಅಡುಗೆ ಮಾಡುವಾಗ ನಾವು ಪಾಲಿಸುವ ಒಂದೊಂದು ನಿಯಮವೂ ಕರೆಂಟಿಗೆ ದಾರಿ ಮಾಡಿಕೊಡುವಂಥದ್ದೇ: ತಲೆಗೂದಲಲ್ಲಿ ನೀರು, ತೇವದ ಸೀರೆ, ಬರಿಗಾಲು, ತೊಳೆದ ನೆಲ, ಲೋಹದ ಪಾತ್ರೆ. ನಿಯಮ ಬಿಡಿ ಎನ್ನುತ್ತಿಲ್ಲ. ಮಡಿಬಟ್ಟೆ ಪೂರ್ತಿ ಒಣಗಿರಲಿ, ಒಲೆಯ ಮುಂದೆ ನಿಲ್ಲಲು ಒಂದು ಒಣ ಮರದ ಹಲಗೆ ಇರಲಿ. ಚಪ್ಪಲಿಯಿಲ್ಲದೆ ಅಡುಗೆಮನೆಯ ಶುದ್ಧಿಯೂ ಉಳಿಯುತ್ತದೆ. ಸ್ವಿಚ್ಚು ಕೈಗೆ ಸಿಗುವಲ್ಲಿರಲಿ, ಒಲೆಯ ಹಿಂದೆ, ಆವಿ ಬಡಿಯುವಲ್ಲಿ ಬೇಡ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಕರೆಂಟಿನ ಅಡುಗೆ ಮುನಿಗಳ ಆಹಾರಕ್ಕೆ ಸಲ್ಲುತ್ತದೆಯೇ, ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬುದರಲ್ಲಿ ನಮ್ಮ ಸಂಪ್ರದಾಯಗಳಲ್ಲಿ ಒಂದೇ ಮಾತಿಲ್ಲ. ಅದನ್ನು ಆಯಾ ಗುರುಗಳಲ್ಲೇ ಕೇಳಿಕೊಳ್ಳುವುದು ಲೇಸು, ನಾವು ಆ ಚರ್ಚೆಗೆ ಇಳಿಯುವವರಲ್ಲ.

ಇಂಡಕ್ಷನ್ ಒಲೆ ಕಬ್ಬಿಣದ ಗುಣವಿರುವ ತಳವನ್ನು ಮಾತ್ರ ಕಾಯಿಸುತ್ತದೆ. ತಳಕ್ಕೆ ಅಯಸ್ಕಾಂತ ಅಂಟಿದರೆ ಆ ಪಾತ್ರೆ ಬರುತ್ತದೆ. ತಾಯಿಯವರ ಹಿತ್ತಾಳೆ ತಪ್ಪಲೆ ಬರಲಿಲ್ಲ, ಅದು ಈಗ ಸೋಸಿದ ನೀರು ತುಂಬಲು. ಗಾಳಿ ಆಡುವ ತೂತುಗಳು ಒಲೆಯ ಅಡಿಯಲ್ಲಿರುತ್ತವೆ. ಒಳಗೆ ಬೆಚ್ಚಗಿರುವುದರಿಂದ ಇರುವೆ, ಜಿರಳೆ ಸೇರುತ್ತವೆ. ಆದ್ದರಿಂದ ಹಾಲು, ಬೆಲ್ಲದ ನೀರು ಚೆಲ್ಲಿದರೆ ಆಗಲೇ ಒರೆಸಿ, ಬೆಳಿಗ್ಗೆ ಹಚ್ಚುವ ಮೊದಲು ಎತ್ತಿ ಅಡಿ ನೋಡಬೇಕು. ಸೌದೆ ಕುಟ್ಟುವ ಕ್ರಮವನ್ನು ನಮ್ಮ ಮನೆಯ ಸೊಸೆಯಂದಿರು ಹೀಗೆ ಮುಂದುವರಿಸಿದ್ದಾರೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳಿಯೇ ಈ ಒಲೆಯ ಬಳಿ ಹೋಗಬೇಕು. ಸುರುಳಿಯ ಒಲೆ ಇನ್ನೂ ಬಳಸುವವರು ಒಂದು ನೆನಪಿಡಿ. ಕರೆಂಟು ಹೋದಾಗ ಸ್ವಿಚ್ಚು ತೆಗೆಯದೆ ಬಸದಿಗೆ ಹೋದರೆ, ಕರೆಂಟು ಬಂದಾಗ ಅದು ತಾನಾಗಿಯೇ ಕಾಯುತ್ತದೆ. ಕರೆಂಟು ಹೋದರೆ ಮೊದಲು ಸ್ವಿಚ್ಚು, ಪ್ಲಗ್ಗು ತೆಗೆದು ಆಮೇಲೆ ಪಾತ್ರೆ ಇಳಿಸಿ. ನಮ್ಮ ಮನೆಯಲ್ಲಿ ಇದು ಎಂಟು ವರ್ಷದ ಮಗುವಿಗೂ ಬಾಯಿಪಾಠ.

ಹೋದ ಚಾತುರ್ಮಾಸದಲ್ಲಿ ಆದವಾನಿಯಲ್ಲಿ ಅಣ್ಣನ ಮಗಳ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಅಡುಗೆಮನೆ ಕನ್ನಡಿಯಂತಿತ್ತು, ಕಪ್ಪು ಕಡಪ ಕಲ್ಲಿನ ಕಟ್ಟೆಯ ಮೇಲೆ ಎರಡು ಇಂಡಕ್ಷನ್ ಒಲೆಗಳು. ಊಟವಾದ ಮೇಲೆ ಮೆಲ್ಲಗೆ, ಒಂದು ಸಾಕೆಟ್ ಬಿಚ್ಚಿ ತೋರಿಸಪ್ಪಾ ಎಂದೆವು. ಕೆಲಸ ಹಿಡಿದವನು ನಕ್ಕು ಬಿಚ್ಚಿದ. ಹಸಿರು ತಂತಿ ಇತ್ತು. ಅದರ ಬೆನ್ನು ಹಿಡಿದು ಹೋದರೆ ಮೆಟ್ಟಿಲ ಕೆಳಗೆ ಗೋಡೆಯಲ್ಲಿ ಸುರುಳಿ ಸುತ್ತಿ ನಿಂತಿತ್ತು, ಗುಂಡಿ ಇರಲಿಲ್ಲ. “ಯಾರೂ ಕೇಳಾಂಗಿಲ್ರೀ, ಅದಕ್ಕ ಬಿಟ್ಟೀನಿ” ಎಂದ. ಮಗಳು ನಮ್ಮ ಮುಖ ನೋಡಿದಳು. ಅಜ್ಜಿಯ ಬೆರಳುಗಳನ್ನು ಅವಳು ಚಿಕ್ಕವಳಿದ್ದಾಗ ಕಂಡಿದ್ದಾಳೆ. ಅಂದೇ ಒಲೆಗಳೆರಡನ್ನೂ ಪ್ಲಗ್ಗಿನಿಂದ ತೆಗೆಸಿ ಪೆಟ್ಟಿಗೆಗೆ ಹಾಕಿಸಿ, ಗ್ಯಾಸ್ ಒಲೆ ಹಚ್ಚಿದಳು. ಕಾರ್ತಿಕ ಕಳೆದ ಮೇಲೆ ಗುಂಡಿ ತೋಡಿದ್ದಾರೆ. ನೀರು ಹಾಕುವ ಸರದಿ ಅಳಿಯಂದಿರದಂತೆ.