ಟರ್ಬೀನಿಯಾದ ಗುಳ್ಳೆಗಳು

ಮಧ್ಯಾಹ್ನದಿಂದ ತಲೆಯಲ್ಲಿ ಟರ್ಬೀನಿಯಾನೇ ಓಡ್ತಿದೆ. ಚಾರ್ಲ್ಸ್ ಪಾರ್ಸನ್ಸ್ ತನ್ನ ಉಗಿ ಟರ್ಬೈನನ್ನ ಪರೀಕ್ಷೆ ಮಾಡೋಕೆ ಅಂತಲೇ 1894ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿಸಿದ ಹಡಗು. ಉದ್ದ 100 ಅಡಿಗೂ ಜಾಸ್ತಿ, ಅಗಲ ಬರೀ 9 ಅಡಿ!

ಮೊದಮೊದಲು ಅದು ಅಂದುಕೊಂಡ ವೇಗ ಮುಟ್ಟಲೇ ಇಲ್ಲ. ಎಂಜಿನ್ನಿಗೆ ಶಕ್ತಿ ಬೇಕಾದಷ್ಟಿತ್ತು. ಆದರೆ ಪ್ರೊಪೆಲ್ಲರ್ ವಿಪರೀತ ಜೋರಾಗಿ ತಿರುಗಿ ಸುತ್ತ ಆವಿಗುಳ್ಳೆ ಏಳ್ತಿತ್ತು, ನೀರಿನ ಹಿಡಿತವೇ ಸಿಕ್ತಿರಲಿಲ್ಲ. ಕೆಸರಲ್ಲಿ ಹೂತ ಬಸ್ಸಿನ ಚಕ್ರ ಇದ್ದಲ್ಲೇ ಗರಗರ ಸುತ್ತುತ್ತಲ್ಲ, ಹಾಗೆ.

ಪಾರ್ಸನ್ಸ್ ಮಾಡಿದ್ದು ನೋಡಿ: ಗಾಜಿನ ಕಿಟಕಿಯಿರೋ ಪುಟ್ಟ ತೊಟ್ಟಿ, ಅದರಲ್ಲಿ ಪುಟಾಣಿ ಪ್ರೊಪೆಲ್ಲರ್. ತಿರುಗುವ ಲಯಕ್ಕೆ ಸರಿಯಾಗಿ ಬೆಳಕು ಮಿಂಚಿಸಿದ್ರೆ ಪ್ರೊಪೆಲ್ಲರ್ ನಿಂತ ಹಾಗೆ ಕಾಣುತ್ತೆ, ಗುಳ್ಳೆ ಎಲ್ಲಿ ಹುಟ್ಟುತ್ತೆ ಅಂತ ಕಣ್ಣಾರೆ ನೋಡಬಹುದು! ಆಮೇಲೆ ಒಂದು ಟರ್ಬೈನ್ ಇದ್ದಲ್ಲಿ ಮೂರು, ಮೂರು ಶಾಫ್ಟು, ಒಂದೊಂದಕ್ಕೂ ಮೂರು ಪ್ರೊಪೆಲ್ಲರ್.

1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ನೌಕಾ ಪ್ರದರ್ಶನದಲ್ಲಿ ಟರ್ಬೀನಿಯಾ ಕಾವಲು ದೋಣಿಗಳ ಕೈಗೆ ಸಿಗದ ಹಾಗೆ ಓಡಿತು. ಎಲ್ಲರೂ ಹೇಳೋದು ಈ ಓಟದ ಕತೆನೇ. ನನಗಂತೂ ಆ ತೊಟ್ಟಿಯೇ ದೊಡ್ಡದು ಅನ್ನಿಸುತ್ತೆ.

ಹಡಗು ಈಗಲೂ ನ್ಯೂಕ್ಯಾಸಲ್‌ನ ಡಿಸ್ಕವರಿ ಮ್ಯೂಸಿಯಂನಲ್ಲಿದೆ. ಆ ಕಡೆ ಇರೋರು ಯಾರಾದ್ರೂ ನೋಡಿದ್ದೀರಾ? ಪ್ರೊಪೆಲ್ಲರ್ ಹತ್ತಿರದ ಫೋಟೋ ಇದ್ರೆ ಹಾಕ್ರಪ್ಪಾ.